ತಮ್ಮ ಬೆಂಗಳೂರು ಬಸ್ ಹತ್ತಿದ

ನಿನ್ನೆ ರಾತ್ರಿ ತಮ್ಮನನ್ನು ಬಸ್ಸಿಗೆ ಬಿಡಲು ಶಿರಸಿಗೆ ಹೋಗಿದ್ದೆ. ಡಿಗ್ರಿ ಮುಗಿಸಿ ಒಂದೂವರೆ ವರ್ಷ ಮನೆಯಲ್ಲೇ ಇದ್ದ. ಅಡಿಕೆ ಸುಲಿದ, ತೋಟಕ್ಕೆ ಸೊಪ್ಪು ಹೊತ್ತ. ಸಂಬಳ ಅಂತ ಏನೂ ಇಲ್ಲ. ಆದರೂ ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಲೆಕ್ಕದಲ್ಲಿ ಅವನು ನಿರುದ್ಯೋಗಿ ಅಲ್ಲ. ಮನೆಯ ತೋಟದಲ್ಲಿ ಸುಮ್ನೆ ದುಡಿದವರೂ ಅಲ್ಲಿ ಉದ್ಯೋಗ ಇರುವವರೇ. ವಾರದ ಲೆಕ್ಕಕ್ಕಂತೂ 7 ದಿನದಲ್ಲಿ 1 ಗಂಟೆ ಕೆಲಸ ಮಾಡಿದ್ದರೆ ಸಾಕು. ನಿರುದ್ಯೋಗ ಕಡಿಮೆಯಾಗಿದೆ ಅಂತ ಪೇಪರಿನಲ್ಲಿ ಓದಿದಾಗೆಲ್ಲ ನನಗೆ ಇವನೇ ನೆನಪಾಗುತ್ತಿದ್ದ. ಯುವನಿಧಿಯ 3,000 ರೂಪಾಯಿ ಕೈಖರ್ಚಿಗೆ ಆಯ್ತು, ನಿಜ. ಆದರೆ ಅವನಿಗೆ ಬೇಕಿದ್ದದ್ದು ಕೆಲಸ, ಅದೂ ಇಲ್ಲೇ, ಅಪ್ಪನ ಹತ್ತಿರ.

ಬಸ್ಸಿನ ತುಂಬ ಅವನ ವಯಸ್ಸಿನವರೇ. ಅಮ್ಮ ಕೊಟ್ಟ ಅಪ್ಪೆಮಿಡಿ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದ.