ಪಿಸ್ತೂಲಿನ ಅಭ್ಯಾಸ ಮತ್ತು ಗುಂಡಿನ ಲೆಕ್ಕ

ಮಲೆನಾಡಿನ ನಮ್ಮ ಮನೆಯಲ್ಲಿ ಅಡಿಕೆ ತೋಟದ ಕಾವಲಿಗೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಕೋವಿಯೊಂದಿತ್ತು. ಅಪ್ಪಯ್ಯ ಅದರ ತೋಟಾಗಳನ್ನು ಮರದ ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತಿದ್ದರು. ಒಂದೇ ಒಂದು ಈಡು ಹೊಡೆದರೂ ಅದನ್ನು ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖಿನೊಡನೆ ಬರೆದಿಡುತ್ತಿದ್ದರು. ಬೆಂಗಳೂರಿಗೆ ಬಂದು, ನಲವತ್ತರ ಹೊಸ್ತಿಲಲ್ಲಿ ಮೊದಲ ಬಾರಿಗೆ 10 ಮೀಟರ್ ದೂರದ ಗುರಿಗೆ ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್ ಪಿಸ್ತೂಲ್ ಹಿಡಿದಾಗ, ಆ ಮನೆಯಿಂದ ನನ್ನ ಜೊತೆಗೆ ಬಂದದ್ದು ಈ ಬರೆದಿಡುವ ರೂಢಿ ಮಾತ್ರ. ರೇಂಜಿಗೆ ಹೊಸದಾಗಿ ಸೇರಿದವರು ಎಷ್ಟು ಡಬ್ಬಿ ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಸೀಸದ ಗುಂಡು) ಕೊಂಡಿಡಬೇಕು ಎಂದು ಕೇಳಿದಾಗಲೆಲ್ಲ ನಾನು ಅವರ ಅಭ್ಯಾಸದ ಡೈರಿಯನ್ನು ಕೇಳುತ್ತೇನೆ. ಹೆಚ್ಚಿನವರ ಬಳಿ ಅದು ಇರುವುದಿಲ್ಲ.

ಮೊದಲು ಅಭ್ಯಾಸದ ಮಾತು. ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು 75 ನಿಮಿಷಗಳೊಳಗೆ 60 ಗುಂಡು ಹೊಡೆಯಬೇಕು. ಪಿಸ್ತೂಲಿನ ತೂಕ 1,500 ಗ್ರಾಂ ಮೀರಬಾರದು, ಟ್ರಿಗರ್ 500 ಗ್ರಾಂ ಭಾರವನ್ನಾದರೂ ತಡೆಯಬೇಕು, ಮತ್ತು ಗುರಿಹಲಗೆಯ ನಡುವಿನ ಹತ್ತರ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್. ಇಷ್ಟು ಸಣ್ಣ ಗುರಿಯನ್ನು ಕಂಡ ಹೊಸಬರು ಕೈ ನಡುಗುವುದೇ ತಮ್ಮ ದೊಡ್ಡ ದೋಷವೆಂದು ಭಾವಿಸುತ್ತಾರೆ. ನಾನೂ ಎರಡು ವರ್ಷ ಹಾಗೆಯೇ ಭಾವಿಸಿದ್ದೆ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಪಿಸ್ತೂಲಿನ ಮೇಲೆ ಗುರಿ ಹಿಡಿಯಲು ಇರುವ ಹಿಂದಿನ ಮತ್ತು ಮುಂದಿನ ಸೈಟುಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡಿದ್ದು, ಇಡೀ ಕೈ ಐದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಗುಂಡೂ ಗುರಿಹಲಗೆಯಲ್ಲಿ ಐದು ಮಿಲಿಮೀಟರ್ ಮಾತ್ರ ಸರಿಯುತ್ತದೆ. ಅದೇ ಸೈಟುಗಳ ನಡುವಣ ಅಂತರ 36 ಸೆಂಟಿಮೀಟರ್ ಇರುವ ಪಿಸ್ತೂಲಿನಲ್ಲಿ ಮುಂದಿನ ಸೈಟು ಹಿಂದಿನದರ ಕಂಡಿಯೊಳಗೆ ಒಂದೇ ಒಂದು ಮಿಲಿಮೀಟರ್ ವಾಲಿದರೆ, ಹತ್ತು ಮೀಟರ್ ದೂರದಲ್ಲಿ ಗುಂಡು ಸುಮಾರು 28 ಮಿಲಿಮೀಟರ್ ಆಚೆ ಬಿದ್ದು ಏಳು ಅಂಕವಷ್ಟೇ ಸಿಗುತ್ತದೆ. ಆದ್ದರಿಂದ ಕಣ್ಣು ಗುರಿಯ ಕಪ್ಪು ವೃತ್ತವನ್ನು ಮಸುಕಾಗಿ ಬಿಟ್ಟು ಮುಂದಿನ ಸೈಟಿನ ಅಂಚಿನ ಮೇಲೆ ನಿಲ್ಲಬೇಕು, ಮತ್ತು ಆ ಹೊಂದಿಕೆ ಕದಡದಂತೆ ಬೆರಳು ಟ್ರಿಗರನ್ನು ನೇರವಾಗಿ ಹಿಂದಕ್ಕೆ ಒತ್ತಬೇಕು.

ಇದನ್ನು ಕಲಿಯುವುದಕ್ಕೆ ಗುಂಡೇ ಬೇಕಾಗಿಲ್ಲ. ಮನೆಯ ಬಿಳಿ ಗೋಡೆಯ ಎದುರು, ಪಿಸ್ತೂಲು ಖಾಲಿಯಿದೆಯೆಂದು ಎರಡು ಬಾರಿ ನೋಡಿಕೊಂಡು, ಗುಂಡಿನ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು, ದಿನಕ್ಕೆ ಅರ್ಧ ಗಂಟೆ ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಒತ್ತುವುದು) ಮಾಡುವುದು ನನ್ನ ಅಭ್ಯಾಸದ ಮುಖ್ಯ ಭಾಗವಾಗಿದೆ. ಗೋಡೆಯಲ್ಲಿ ಗುರಿಯೇ ಇಲ್ಲದಿರುವುದರಿಂದ ಕಣ್ಣಿಗೆ ಸೈಟುಗಳ ಹೊರತು ನೋಡಲು ಬೇರೇನೂ ಉಳಿಯುವುದಿಲ್ಲ, ಮತ್ತು ಟ್ರಿಗರ್ ಬಿಡುವ ಕ್ಷಣದಲ್ಲಿ ಮುಂದಿನ ಸೈಟು ಎತ್ತ ಜಿಗಿಯಿತೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಸ್ಪರ್ಧೆಗೆಂದು ತಯಾರಾದ ಏರ್ ಪಿಸ್ತೂಲುಗಳಲ್ಲಿ ಇದಕ್ಕೆಂದೇ ವ್ಯವಸ್ಥೆಯಿರುತ್ತದೆ. ನಾನು ಹೊಡೆಯುವ ಇನ್ನೊಂದು ಪಿಸ್ತೂಲು, ಮದ್ದಿನ ತೋಟಾ ಬಳಸುವ .22ರಲ್ಲಿ, ಫೈರಿಂಗ್ ಪಿನ್ ಖಾಲಿ ಚೇಂಬರಿನ ಅಂಚಿಗೆ ಬಡಿದು ಹಾಳಾಗುವ ಸಂಭವವಿರುವ ಕಾರಣ ನಾನು ಪ್ಲಾಸ್ಟಿಕ್ಕಿನ ನಕಲಿ ತೋಟಾ ಬಳಸುತ್ತೇನೆ.

ಗುಂಡಿನ ಸಂಗ್ರಹದ ಪ್ರಶ್ನೆ ಈ ಅಭ್ಯಾಸದಿಂದಲೇ ಹುಟ್ಟಬೇಕು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎಂಬತ್ತರಂತೆ ಹೊಡೆದರೆ ವಾರಕ್ಕೆ 320 ಪೆಲೆಟ್ ಬೇಕು. ಮಳೆ, ಹಬ್ಬ, ಕಾಯಿಲೆ, ಊರಿನ ಓಡಾಟಗಳನ್ನು ಕಳೆದು ವರ್ಷಕ್ಕೆ 45 ವಾರ ಹಿಡಿದರೂ 14,400 ಆಗುತ್ತದೆ. ಡಬ್ಬಿಯೊಂದರಲ್ಲಿ 500 ಇರುವುದರಿಂದ ಇದು ಸುಮಾರು 29 ಡಬ್ಬಿಗಳ ಮಾತು. ಈ ಅಂಕಿ ನನ್ನ ಡೈರಿಯದು. ವಾರಕ್ಕೊಮ್ಮೆ ರೇಂಜಿಗೆ ಬರುವವರು ಇದನ್ನು ನೋಡಿ 29 ಡಬ್ಬಿ ಕೊಂಡಿಟ್ಟರೆ ಹಣವೂ ವ್ಯರ್ಥ, ಬಹುಕಾಲ ಉಳಿದ ಸೀಸದ ಮೇಲೆ ತೇವದಿಂದ ಬಿಳಿ ಪುಡಿ ಹತ್ತಿ ಪೆಲೆಟ್ ಕೂಡ ವ್ಯರ್ಥ.

ಎಷ್ಟು ಎಂಬುದಕ್ಕಿಂತ ಒಂದೇ ತೆರನಾದದ್ದು ಎಷ್ಟು ಎಂಬುದು ದೊಡ್ಡ ಪ್ರಶ್ನೆ, ಮತ್ತು ಇದನ್ನು ನಾನು ನಷ್ಟಪಟ್ಟು ಕಲಿತೆ. ರಾಜ್ಯಮಟ್ಟದ ಸ್ಪರ್ಧೆಯೊಂದಕ್ಕೆ ಎರಡು ವಾರ ಇದ್ದಾಗ ಒಬ್ಬ ವ್ಯಾಪಾರಿಯಿಂದ ಆರು ಡಬ್ಬಿ ತರಿಸಿದೆ. ಬ್ರ್ಯಾಂಡ್ ಅದೇ, ಡಬ್ಬಿಯ ಬಣ್ಣವೂ ಅದೇ. ಸ್ಪರ್ಧೆಯ ದಿನ ಮೂರನೆಯ ಸರಣಿಯಿಂದ ಆಚೆಗೆ, ಸರಿಯಾಗಿ ಹೊಡೆದೆನೆಂದು ಮನಸ್ಸು ಒಪ್ಪಿದ ಗುಂಡುಗಳು ಕಾರಣವಿಲ್ಲದೆ ಎಂಟಕ್ಕೆ ಬೀಳತೊಡಗಿದವು, ಮತ್ತು ಸುಮಾರು ಹದಿನೈದು ಅಂಕಗಳನ್ನು ಕಳೆದುಕೊಂಡು ಹೊರಬಂದೆ. ಮನೆಗೆ ಬಂದು ಡಬ್ಬಿಗಳ ಹಿಂಬದಿಯ ಚೀಟಿ ನೋಡಿದಾಗ ಅವುಗಳಲ್ಲಿ ಮೂರು ಬೇರೆ ಬೇರೆ ತಯಾರಿಕೆಯ ಕಂತುಗಳು, ಅಂದರೆ ಲಾಟ್‌ಗಳಿದ್ದವು, ಎರಡರಲ್ಲಿ ಪೆಲೆಟ್ಟಿನ ತಲೆಯ ಅಳತೆ 4.49 ಮಿಲಿಮೀಟರ್ ಇದ್ದು ಉಳಿದವುಗಳಲ್ಲಿ 4.50 ಇತ್ತು. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗವೆಂದರೆ ಏನೂ ಅಲ್ಲವೆಂದು ತೋರಬಹುದು. ಆದರೆ ನಳಿಗೆಯ ಒಳಗಿನ ಸುರುಳಿಗೆರೆಗಳು ಪೆಲೆಟ್ಟನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತವೆ ಎಂಬುದು ಇದರ ಮೇಲೆಯೇ ನಿಂತಿದೆ, ಮತ್ತು ಒಂದೊಂದು ನಳಿಗೆಗೂ ಅದರದೇ ಆಯ್ಕೆಯಿದೆ.

ಆಮೇಲಿನಿಂದ ನಾನು ಕೊಳ್ಳುವ ಕ್ರಮವನ್ನು ಬದಲಿಸಿದೆ. ಮೊದಲು ಬೇರೆ ಬೇರೆ ಲಾಟ್‌ಗಳಿಂದ ಒಂದೊಂದೇ ಡಬ್ಬಿ ತಂದು, ಪಿಸ್ತೂಲನ್ನು ಕ್ಲ್ಯಾಂಪಿನಲ್ಲಿ ಬಿಗಿದು, ಪ್ರತಿಯೊಂದರಿಂದಲೂ ಹತ್ತು ಹತ್ತು ಗುಂಡುಗಳ ಐದು ಗ್ರೂಪ್ ಹೊಡೆದು, ಕಾಗದದ ಮೇಲಿನ ರಂಧ್ರಗಳ ಹರಹನ್ನು ಅಳೆಯುತ್ತೇನೆ. ಒಂದು ಗ್ರೂಪ್ ಚೆನ್ನಾಗಿ ಬಂದರೆ ಅದು ಆಕಸ್ಮಿಕವಿರಬಹುದು, ಐದೂ ಚೆನ್ನಾಗಿ ಬಂದರೆ ನಂಬಬಹುದು. ಗೆದ್ದ ಲಾಟ್ ಯಾವುದೋ ಅದರ ಡಬ್ಬಿಗಳನ್ನು, ಮಾರಾಟವಾಗಿ ಹೋಗುವ ಮೊದಲೇ, ಸ್ಪರ್ಧೆಗಳಿಗೂ ಅವುಗಳ ಹಿಂದಿನ ಒಂದು ತಿಂಗಳಿಗೂ ಸಾಲುವಷ್ಟು ಕೊಂಡುಬಿಡುತ್ತೇನೆ. ದಿನನಿತ್ಯದ ಅಭ್ಯಾಸಕ್ಕೆ ಕಡಿಮೆ ಬೆಲೆಯ ಪೆಲೆಟ್ ಧಾರಾಳವಾಗಿ ಸಾಕು.

.22 ತೋಟಾಗಳ ವಿಷಯ ಇನ್ನೂ ಕಠಿಣ. ಕಡಿಮೆ ಶಕ್ತಿಯ 4.5 ಮಿಲಿಮೀಟರ್ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ, ಆದರೆ .22 ಪಿಸ್ತೂಲು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಅಡಿಯಲ್ಲಿ ಬರುತ್ತದೆ. ಒಮ್ಮೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಪರವಾನಗಿಯಲ್ಲೇ ನಮೂದಾಗಿರುತ್ತದೆ, ಪ್ರತಿ ಖರೀದಿಯೂ ಅದರಲ್ಲಿ ದಾಖಲಾಗುತ್ತದೆ. ಆ ಮಿತಿಯನ್ನು ಒಂದೇ ಒಂದು ತೋಟಾದಷ್ಟು ಮೀರಿದರೂ ಅದು ಅಪರಾಧ. ಈ ವಿಷಯದಲ್ಲಿ ಕ್ರೀಡಾಪಟುವೆಂಬ ಸಲಿಗೆಯನ್ನು ಯಾರೂ ಬಯಸಬಾರದು. ನಾನು ಹೊಡೆಯುವುದು ಮಹಿಳೆಯರ 25 ಮೀಟರ್ ಪಿಸ್ತೂಲ್, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕೊಲ್ಹಾಪುರದ ರಾಹಿ ಸರ್ನೋಬತ್ ಚಿನ್ನ ಗೆದ್ದ ವಿಭಾಗ. ಇದರಲ್ಲಿ ಐದೈದು ನಿಮಿಷಗಳ ಆರು ಸರಣಿಗಳಲ್ಲಿ 30 ಗುಂಡು, ಬಳಿಕ ಗುರಿ ಪ್ರತಿ ಸಲ ಮೂರು ಸೆಕೆಂಡು ಮಾತ್ರ ಕಾಣಿಸಿ ಏಳು ಸೆಕೆಂಡು ಮರೆಯಾಗುವ ಕ್ರಮದಲ್ಲಿ 30 ಗುಂಡು. ಎರಡೂ ಹಂತಗಳ ಮೊದಲಿನ ಐದೈದು ಪರೀಕ್ಷಾ ಗುಂಡುಗಳನ್ನು ಸೇರಿಸಿದರೆ ಒಂದು ಪೂರ್ಣ ಅಭ್ಯಾಸಕ್ಕೆ 70 ತೋಟಾ ಬೇಕು, ವಾರಕ್ಕೆ ಎರಡರಂತೆ 45 ವಾರಗಳಿಗೆ 6,300. ಒಳ್ಳೆಯ ಸ್ಪರ್ಧಾ ತೋಟಾಗಳು ಹೆಚ್ಚಾಗಿ ಆಮದಿನವು, ಬೇಕೆಂದಾಗ ಸಿಗುವುದಿಲ್ಲ. ಹಾಗಾಗಿ ನನ್ನ ವೇಳಾಪಟ್ಟಿಯಲ್ಲಿ ಇಡೀ 70 ಹೊಡೆಯುವ ದಿನಗಳು ಕಡಿಮೆ. ಮೂರು ಸೆಕೆಂಡಿನಲ್ಲಿ ಕೈ ಎತ್ತುವ ಕ್ರಮವನ್ನು ಮನೆಯಲ್ಲಿ ಖಾಲಿ ಪಿಸ್ತೂಲಿನಿಂದ ನೂರು ಬಾರಿ ಮಾಡಿ, ರೇಂಜಿನಲ್ಲಿ ಇಪ್ಪತ್ತೈದು ತೋಟಾಗಳಿಂದ ಅದನ್ನು ಪರೀಕ್ಷಿಸುತ್ತೇನೆ.

ಇಲ್ಲಿ ಸುರಕ್ಷತೆಯ ಎರಡು ಮಾತುಗಳನ್ನು ಹೇಳಲೇಬೇಕು. .22 ತೋಟಾದಲ್ಲಿ ಕಿಡಿ ಹುಟ್ಟಿಸುವ ಮದ್ದು ತಳದ ಅಂಚಿನೊಳಗೆ ಹರಡಿರುತ್ತದೆ, ಅದು ಎಲ್ಲೆಡೆ ಸಮನಾಗಿ ಹರಡದಿದ್ದರೆ ಪಿನ್ ಬಡಿದರೂ ತೋಟಾ ಸಿಡಿಯುವುದಿಲ್ಲ. ಹಾಗಾದಾಗ ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ ಮೂವತ್ತು ಸೆಕೆಂಡು ಕಾಯಬೇಕು, ಏಕೆಂದರೆ ಅದು ತಡವಾಗಿ ಸಿಡಿಯುವ ಸಾಧ್ಯತೆಯಿದೆ. ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಮುಂದಿನದನ್ನು ಹೊಡೆಯದೆ ಪಿಸ್ತೂಲು ಖಾಲಿ ಮಾಡಿ ರೇಂಜ್ ಅಧಿಕಾರಿಯನ್ನು ಕರೆಯಬೇಕು. ಸೀಸವನ್ನು ಮುಟ್ಟಿದ ಕೈಯಿಂದ ಏನನ್ನೂ ತಿನ್ನಬಾರದೆಂಬುದನ್ನು ನಮ್ಮ ರೇಂಜಿನ ಮಕ್ಕಳಿಗೆ ನಾನು ಪದೇ ಪದೇ ಹೇಳುತ್ತೇನೆ.

ಮನೆಯಲ್ಲಿ ತೋಟಾಗಳು ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಯಲ್ಲಿ, ಪಿಸ್ತೂಲು ಇನ್ನೊಂದು ಪೆಟ್ಟಿಗೆಯಲ್ಲಿ, ಬೀಗದ ಕೈಗಳು ಬೇರೆ ಬೇರೆ ಕಡೆ ಇರುತ್ತವೆ. ಜೂನ್ ತಿಂಗಳಿಂದ ಸಿಲಿಕಾ ಜೆಲ್ ಚೀಟಿಗಳನ್ನು ಬದಲಿಸುತ್ತಾ ಇರುತ್ತೇನೆ, ಮೊದಲು ತಂದದ್ದನ್ನು ಮೊದಲು ಬಳಸುತ್ತೇನೆ, ಸ್ಪರ್ಧೆಯ ಲಾಟ್ ಮಾತ್ರ ಇದಕ್ಕೆ ಹೊರತು.

ನಿನ್ನೆ ರಾತ್ರಿ ಎಣಿಸಿದಾಗ ಒಳ್ಳೆಯ ಲಾಟ್‌ನ ಏಳು ಡಬ್ಬಿ ಪೆಲೆಟ್, ಹದಿನಾಲ್ಕು ಪೊಟ್ಟಣ .22 ತೋಟಾ ಉಳಿದಿದ್ದವು. ಪೊಟ್ಟಣಕ್ಕೆ ಐವತ್ತರಂತೆ ತೋಟಾಗಳು 700. ಮುಂದಿನ ಸ್ಪರ್ಧೆಗೂ ಅದರ ಹಿಂದಿನ ನಾಲ್ಕು ವಾರಗಳಿಗೂ ಇದು ಸಾಲುತ್ತದೆಯೆಂದು ಡೈರಿ ಹೇಳುತ್ತದೆ. ಹೊಸ ಲಾಟ್‌ನ ಎರಡು ಪೊಟ್ಟಣಗಳನ್ನು ಭಾನುವಾರ ಬೆಳಿಗ್ಗೆ ಕ್ಲ್ಯಾಂಪಿನಲ್ಲಿ ಪರೀಕ್ಷಿಸಬೇಕಾಗಿದೆ.