ಹಾವು ಕಂಡಾಗ ಕೋಲು ಯಾರ ಕೈಯಲ್ಲಿ? ಮೃಗಾಲಯದ ಗೇಟಿನ ಹೊರಗೆ ಕಲಿತದ್ದು

ಮೃಗಾಲಯದ ಶಿಕ್ಷಣ ವಿಭಾಗ ಎಂದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಬರುವುದು ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹ, ಚಿತ್ರ ಬಿಡಿಸುವ ಸ್ಪರ್ಧೆ, ಸಾಲಾಗಿ ನಿಂತ ಶಾಲಾ ಮಕ್ಕಳು. ಅದೆಲ್ಲ ನಮ್ಮಲ್ಲೂ ಇದೆ, ಇರಲೂ ಬೇಕು. ಆದರೆ ನನ್ನ ಕೆಲಸದ ಬಹುಪಾಲು ನಡೆಯುವುದು ಗೇಟಿನ ಹೊರಗೆ, ಕಾಸರಗೋಡಿನ ಹಳ್ಳಿಗಳಲ್ಲಿ. ಮೃಗಾಲಯ ಇರುವುದು ಗಡಿಯಾಚೆ ಮಂಗಳೂರಿನ ಕಡೆ, ನನ್ನ ಮನೆ ಇರುವುದು ಬದಿಯಡ್ಕದ ಹತ್ತಿರ. ಕೇರಳದ ದೊಡ್ಡ ಮೃಗಾಲಯಗಳು ತ್ರಿಶೂರು, ತಿರುವನಂತಪುರದಷ್ಟು ದೂರದಲ್ಲಿವೆ. ಹಾಗಾಗಿ ಕುಂಬಳೆ, ಪೆರ್ಲ, ಮುಳ್ಳೇರಿಯದ ಶಾಲೆಗಳ ಪ್ರವಾಸದ ಬಸ್ಸು ತಲಪಾಡಿ ದಾಟಿ ನಮ್ಮಲ್ಲಿಗೇ ಬರುತ್ತದೆ. ಬಂದ ಮಕ್ಕಳ ಊರಿಗೆ ನಾವೂ ಹೋಗಬೇಕು ಎಂಬಲ್ಲಿಂದ ನಮ್ಮ ಊರ ಕಾರ್ಯಕ್ರಮ ಶುರುವಾಯಿತು.

ಈಗ ಆ ತಂಡದ ಹೊಣೆ ನನ್ನದು. ಹೊಸ ಕಾರ್ಯಕ್ರಮದ ಕರಡು ಯಾರೇ ತಂದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಈ ಪ್ರಾಣಿ ಎದುರಾದಾಗ ತೀರ್ಮಾನ ಮಾಡುವವರು ಯಾರು? ಕಾಡು ಕಡಿಯುವ, ಹೊಳೆಗೆ ಅಡ್ಡ ಕಟ್ಟುವ ತೀರ್ಮಾನಗಳು ಬೇರೆ ಮಟ್ಟದಲ್ಲಿ ಆಗುತ್ತವೆ, ಅವು ನನ್ನ ಕೈಗೆ ಎಟುಕುವಂಥವಲ್ಲ. ಆದರೆ ಒಂದು ಹಾವು, ಒಂದು ಆಮೆ ಉಳಿಯುವುದೋ ಸಾಯುವುದೋ ಎಂಬುದು ಹೆಚ್ಚಾಗಿ ಒಬ್ಬ ವ್ಯಕ್ತಿಯಿಂದ, ಕೆಲವೇ ನಿಮಿಷಗಳಲ್ಲಿ, ನಾವು ಯಾರೂ ಇಲ್ಲದ ಜಾಗದಲ್ಲಿ ತೀರ್ಮಾನವಾಗುತ್ತದೆ. ಆ ವ್ಯಕ್ತಿಯ ಜಗಲಿಗೆ ಹೋಗಿ ಕೂರದ ಕಾರ್ಯಕ್ರಮ ಎಷ್ಟೇ ಚಂದವಿದ್ದರೂ ನನ್ನ ಮಟ್ಟಿಗೆ ಅರ್ಧ ಕೆಲಸ.

ಹಾವಿನ ವಿಷಯವನ್ನೇ ನೋಡಿ. ನಮ್ಮ ಕಡೆ ಹಾವು ಮೊದಲು ಕಣ್ಣಿಗೆ ಬೀಳುವುದು ಹೆಂಗಸರಿಗೆ. ಸೌದೆ ತೆಗೆಯುವವರು, ತೋಟದಲ್ಲಿ ಅಡಿಕೆ ಹೆಕ್ಕುವವರು, ಹಟ್ಟಿಗೆ ತರಗೆಲೆ ಹಾಕುವವರು, ಉದ್ಯೋಗ ಖಾತರಿಯಲ್ಲಿ ತೋಡಿನ ಬದಿ ಸವರುವವರು ಅವರೇ. ಆದ್ದರಿಂದ ನಮ್ಮ ಹಾವಿನ ತರಗತಿ ಹೆಚ್ಚಾಗಿ ಕೇರಳದ ಮಹಿಳಾ ಸ್ವಸಹಾಯ ಸಂಘಗಳಾದ ಕುಟುಂಬಶ್ರೀಯ ವಾರದ ಸಭೆಯ ಜೊತೆಗೆ, ಯಾರದಾದರೂ ಮನೆಯ ಜಗಲಿಯಲ್ಲಿ ನಡೆಯುತ್ತದೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ನಮ್ಮ ಸರದಿ. ಹಿಂದೆ ಪ್ರೊಜೆಕ್ಟರ್ ಒಯ್ಯುತ್ತಿದ್ದೆವು, ಈಗ ಹೆಚ್ಚಾಗಿ ಅದು ಬೇಕಾಗುವುದಿಲ್ಲ.

ಅಲ್ಲಿ ಕೂತವರಿಗೆ ನಾಗನ ಬಗ್ಗೆ ನಾವು ಹೇಳಿಕೊಡಬೇಕಾದ್ದು ಹೆಚ್ಚೇನಿಲ್ಲ. ಮನೆಮನೆಗೆ ನಾಗಬನವಿದೆ, ಪಂಚಮಿಗೆ ನಾಗನಿಗೆ ತಂಬಿಲದ ಪೂಜೆಯಿದೆ, ನಾಗರಹಾವನ್ನು ಹೊಡೆಯಲು ಕೈ ಏಳುವುದಿಲ್ಲ. ಕಷ್ಟ ಬರುವುದು ಉಳಿದ ಹಾವುಗಳಿಗೆ. ನಾವು ಕನ್ನಡಿ ಹಾವು ಎನ್ನುವ ಕೊಳಕುಮಂಡಲಕ್ಕೆ, ಕಟ್ಟುಹಾವಿಗೆ, ಕಟ್ಟುಹಾವಿನ ಹಾಗೆ ಪಟ್ಟೆ ಇರುವ ಒಂದೇ ತಪ್ಪಿಗೆ ವಿಷವಿಲ್ಲದ ತೋಳ ಹಾವಿಗೆ. ಹೊಡೆಯುವುದಕ್ಕೆ ಅವರು ಕೊಡುವ ಕಾರಣವೂ ಸಣ್ಣದಲ್ಲ. ಅಂಗಳದಲ್ಲಿ ಮಗು ಇದೆ, ಗಂಡಸರು ಮನೆಯಲ್ಲಿಲ್ಲ, ಕತ್ತಲಾಗುತ್ತಿದೆ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ 2000ರಿಂದ 2019ರ ನಡುವೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಮಂದಿ. ಆ ಭಯದ ಮುಂದೆ ‘ಹಾವು ರೈತನ ಮಿತ್ರ’ ಎಂಬ ಪೋಸ್ಟರ್ ಹಿಡಿದು ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಮನುಷ್ಯರ ಜೀವದ ಮಾತು. ಹಾವಿನ ಮಾತು ಅದರ ಹಿಂದೆಯೇ ಬರುತ್ತದೆ.

ಹಾಗಾಗಿ ನಾವು ಕಡಿತದಿಂದಲೇ ಆರಂಭಿಸುತ್ತೇವೆ. ಕಚ್ಚಿದ ಕೈಯ ಬಳೆ ಉಂಗುರ, ಕಾಲಾದರೆ ಕಾಲುಂಗುರ, ಬಾವು ಏರುವ ಮೊದಲೇ ತೆಗೆಯಬೇಕು. ಹಗ್ಗ ಬಿಗಿದು ಕಟ್ಟಬಾರದು, ಕೊಯ್ಯಬಾರದು, ಚೀಪಬಾರದು. ಕಡಿತವಾದವರನ್ನು ನಡೆಸಬಾರದು. ಕೈ ಅಥವಾ ಕಾಲು ಅಲುಗದಂತೆ ಗಟ್ಟಿಯಾದ ಏನನ್ನಾದರೂ ಆಧಾರ ಕೊಟ್ಟು ಕಟ್ಟಿ, ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಹೋಗಬೇಕು. ಪೆರ್ಲದ ಹತ್ತಿರ ಒಂದು ಜಗಲಿಯಲ್ಲಿ ಇದನ್ನು ತೋರಿಸುವಾಗ ಹಲಗೆಯ ಬದಲು ಅಲ್ಲೇ ಬಿದ್ದಿದ್ದ ಅಡಿಕೆ ಹಾಳೆ ಎತ್ತಿಕೊಂಡೆ. ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ತಕ್ಷಣ, “ಒಣಗಿದ್ದು ಸೀಳ್ತದೆ ಟೀಚರೇ, ಸ್ವಲ್ಪ ನೀರು ಹಾಕಿ ಬಗ್ಗಿಸಿ,” ಎಂದರು. ಎದ್ದು ಬಂದು ಹಾಳೆಗೆ ನೀರು ಚಿಮುಕಿಸಿ, ಎರಡೂ ಅಂಚು ಮಡಚಿ, ಸೊಸೆಯ ಮೊಣಕಾಲಿನ ಕೆಳಗೆ ಅಳತೆ ಹಿಡಿದು ಬೈರಾಸಿನಿಂದ ಸುತ್ತಿದರು. ಬೆರಳೊಂದು ನುಸುಳುವಷ್ಟು ಸಡಿಲ. ಹಲಗೆಗಿಂತ ಚೆನ್ನಾಗಿ ಕೂತಿತು. “ಕಚ್ಚಿದ ಹೊತ್ತಿಗೆ ನೀರು ಹುಡುಕುವುದು ಯಾರು?” ಎಂದು ಇನ್ನೊಬ್ಬರು ಕೇಳಿದರು. ಕತ್ತರಿಸಿ ಬಗ್ಗಿಸಿದ ಎರಡು ಹಾಳೆ ಹಟ್ಟಿಯ ಮಾಡಿನಲ್ಲಿ ಸಿಕ್ಕಿಸಿಡುವುದೆಂದು ಅವರವರೇ ತೀರ್ಮಾನಿಸಿದರು. ಅಂದಿನಿಂದ ಬೇರೆ ಊರುಗಳಲ್ಲೂ ನಾವು ಹಾಳೆಯನ್ನೇ ತೋರಿಸುತ್ತೇವೆ.

ಆಮೇಲೆ ಬರುವ ಪ್ರಶ್ನೆ ಯಾವಾಗಲೂ ಒಂದೇ: “ಯಾವ ಹಾವು ಅಂತ ಡಾಕ್ಟ್ರಿಗೆ ತೋರಿಸ್ಲಿಕ್ಕೆ ಕೊಂದು ತರ್ಬೇಕಲ್ಲ?” ಹಾವಿನ ಜೀವ ಉಳಿಸುವ ಮಾತು ಇಲ್ಲೇ ಇದೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕನ್ನಡಿ ಹಾವು, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ವೈದ್ಯರು ನೋಡುವುದು ರೋಗಿಯ ಲಕ್ಷಣ. ರೆಪ್ಪೆ ಇಳಿಯುತ್ತಿದೆಯೇ, ಗಾಜಿನ ಕೊಳವೆಯಲ್ಲಿಟ್ಟ ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ಎಂಬುದು. ಹಾವನ್ನು ಅಟ್ಟಿಸಿಕೊಂಡು ಹೋದರೆ ಇನ್ನೊಬ್ಬರಿಗೆ ಕಡಿತ, ಆಸ್ಪತ್ರೆಗೆ ತಡ. ಇಷ್ಟು ಗೊತ್ತಾದರೆ ಕೋಲು ಎತ್ತಲು ಇದ್ದ ಒಂದು ದೊಡ್ಡ ಕಾರಣ ತಾನಾಗಿ ಬಿದ್ದುಹೋಗುತ್ತದೆ.

ನಮ್ಮ ಕ್ಷೇತ್ರದವರಿಗೆ ಹಾವುಗಳ ಚಾರ್ಟ್ ಎಂದರೆ ಪ್ರೀತಿ, ನನಗೂ ಪ್ರೀತಿಯೇ. ಮೃಗಾಲಯದ ಗಾಜಿನ ಮುಂದೆ ನಿಂತು ಕಟ್ಟುಹಾವಿನ ಬೆನ್ನ ನಡುವಿನ ಆರು ಮೂಲೆಯ ಹುರುಪೆ ತೋರಿಸುವುದು ಖುಷಿಯ ಕೆಲಸ. ಆದರೆ ಮುಸ್ಸಂಜೆಯ ಸೌದೆ ಕೊಟ್ಟಿಗೆಯಲ್ಲಿ ಆ ಪಾಠ ಅಪಾಯ. ಹೆಬ್ಬಾವಿನ ಮರಿ ಎಂದು ಹಿಡಿದದ್ದು ಕನ್ನಡಿ ಹಾವಾಗಿರಬಹುದು. ಆದ್ದರಿಂದ ಹಳ್ಳಿಯಲ್ಲಿ ನಾವು ಕಲಿಸುವುದು ದೂರ ಕಾಯುವುದನ್ನು: ಹಿಂದೆ ಸರಿಯಿರಿ, ಮಕ್ಕಳನ್ನೂ ನಾಯಿಯನ್ನೂ ಒಳಗೆ ಮಾಡಿ, ಒಬ್ಬರು ದೂರದಿಂದಲೇ ಹಾವು ಎತ್ತ ಹೋಯಿತೆಂದು ನೋಡುತ್ತಿರಿ, ಇನ್ನೊಬ್ಬರು ಫೋನು ಮಾಡಿ. ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್‌ನಲ್ಲಿ ಹತ್ತಿರದ ತರಬೇತಿ ಪಡೆದ ಹಾವು ಹಿಡಿಯುವವರ ನಂಬರು ಸಿಗುತ್ತದೆ. ಆ ಫೋನನ್ನು ಆ ಸಭೆಯಲ್ಲೇ, ಎಲ್ಲರ ಎದುರು ಒಮ್ಮೆ ಮಾಡಿಸುತ್ತೇವೆ. ಆ ಕಡೆಯ ದನಿ ಕೇಳಿದ ಮೇಲೆ ನಂಬಿಕೆ ಬೇರೆಯೇ ಆಗುತ್ತದೆ. ಅವರು ಬಂದು ತಲುಪುವವರೆಗಿನ ಹೊತ್ತನ್ನು ಹೇಗೆ ಕಳೆಯುವುದು ಎಂದು ಹೇಳಿಕೊಡದಿದ್ದರೆ ನಂಬರು ಕೊಟ್ಟೂ ಪ್ರಯೋಜನವಿಲ್ಲ. ಕೋಲು ಏಳುವುದು ಆ ಕಾಯುವ ಹೊತ್ತಿನಲ್ಲೇ.

ಕಟ್ಟುಹಾವಿನ ಬಗ್ಗೆ ಮಾತ್ರ ಒಂದು ಮಾತು ಜಾಸ್ತಿ ಹೇಳುತ್ತೇವೆ. ಅದು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ನೋವು ಕಡಿಮೆ, ಗುರುತೂ ಕಾಣದಿರಬಹುದು. ಬೆಳಿಗ್ಗೆ ಹೊಟ್ಟೆನೋವು ಎಂದೆದ್ದವರ ಕಣ್ಣ ರೆಪ್ಪೆ ಇಳಿಯುತ್ತಿದ್ದರೆ ಒಂದು ಕ್ಷಣವೂ ಕಾಯಬಾರದು. ಸೊಳ್ಳೆಪರದೆಯನ್ನು ಚಾಪೆಯ ಅಡಿಗೆ ಸಿಕ್ಕಿಸಿ ಮಲಗಿದರೆ ಸಾಕಷ್ಟು ರಕ್ಷಣೆ.

ಶಾಲೆಯ ಮಕ್ಕಳ ಕೈಯಲ್ಲಿ ಇಂಥ ತೀರ್ಮಾನಗಳು ಇರುವುದಿಲ್ಲ, ನಿಜ. ಅವರ ಪ್ರಶ್ನೆಗಳು ಮಾತ್ರ ನಮ್ಮನ್ನು ಎಚ್ಚರವಾಗಿಡುತ್ತವೆ. ಕುಂಬಳೆ ಕಡೆಯ ಹುಡುಗನೊಬ್ಬ ನಮ್ಮ ಮೊಸಳೆ ಕೊಳದ ಬೇಲಿ ಹಿಡಿದು, “ಬಬಿಯಾ ನೈವೇದ್ಯ ತಿನ್ನುತ್ತಿತ್ತಲ್ಲ, ಇದಕ್ಕೆ ಎಂತಕ್ಕೆ ಮಾಂಸ ಹಾಕುವುದು?” ಎಂದು ಕೇಳಿದ. ಅನಂತಪುರ ಕೆರೆ ದೇವಸ್ಥಾನದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಊರಿಗೆ ಊರೇ ಬಂದು ಕೈ ಮುಗಿದಿತ್ತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಾಗಲೂ ಜನ ಓಡಿ ಬಂದದ್ದು ನೋಡಲಿಕ್ಕೆ. ಆ ಹುಡುಗನ ನಂಬಿಕೆಯನ್ನು ಅಲ್ಲಾಡಿಸುವ ಅಗತ್ಯ ನನಗೆ ಕಾಣಲಿಲ್ಲ. ಮೊಸಳೆಯ ಹಲ್ಲು ನೋಡು ಎಂದೆ. ಮೊನಚು ಗೂಟಗಳ ಹಾಗೆ ಇವೆ, ಹಿಡಿಯಲಿಕ್ಕೆ ಆಗುತ್ತದೆ, ಅಗಿಯಲಿಕ್ಕೆ ಆಗುವುದಿಲ್ಲ. ಕಾಡಿನ ಹೊಳೆಯಲ್ಲಿ ಇದರ ಊಟ ಮೀನು, ಹಕ್ಕಿ, ಸಿಕ್ಕಿದ ಪ್ರಾಣಿ. ಅಷ್ಟು ಹೇಳಿ, ಬಬಿಯಾನಿಗೆ ಯಾರಾದರೂ ಕಲ್ಲು ಬಿಸಾಡಿದ್ದು ನೋಡಿದ್ದೀಯಾ ಎಂದು ಕೇಳಿದೆ. ಛೇ, ಇಲ್ಲ ಎಂದ. ಮೊಸಳೆಗೆ ಕಲ್ಲೆಸೆಯಬಾರದು ಎಂಬ ತೀರ್ಮಾನವನ್ನು ಒಂದು ಊರು ಒಟ್ಟಾಗಿ ಮಾಡಿ ದಶಕಗಳ ಕಾಲ ನಡೆಸಿಕೊಂಡು ಬಂದಿದೆ. ಅಂಥ ಊರಿಗೆ ಹೋಗುವಾಗ ನಾವು ಬರಿಗೈಯಲ್ಲಿ, ಕೇಳಲು ಹೋಗಬೇಕು.

ಕೇಳುವುದರಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಮ್ಮ ಚಂದ್ರಗಿರಿ ಹೊಳೆಯೇ ಸಾಕ್ಷಿ. ಅಲ್ಲೊಂದು ಮೆದುಚಿಪ್ಪಿನ ದೈತ್ಯ ಆಮೆ ಇದೆ, ಮಲಯಾಳದಲ್ಲಿ ಪಾಲಪ್ಪೂವನ್, ಭೀಮನಾಮ ಎನ್ನುತ್ತಾರೆ. ನೂರು ಕಿಲೋದವರೆಗೂ ಬೆಳೆಯಬಲ್ಲದು. ದಿನದ ಬಹುಪಾಲು ಮರಳಿನಲ್ಲಿ ಹುದುಗಿಕೊಂಡು ಕಣ್ಣು, ಬಾಯಿ ಮಾತ್ರ ಹೊರಗಿಟ್ಟಿರುವುದರಿಂದ ಹೊಳೆಬದಿಯವರನ್ನು ಬಿಟ್ಟರೆ ಬೇರೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಆಯುಷಿ ಜೈನ್ ಎಂಬ ಸಂಶೋಧಕಿ, ಲಂಡನ್ ಮೃಗಾಲಯವನ್ನು ನಡೆಸುವ ಝೂವಾಲಾಜಿಕಲ್ ಸೊಸೈಟಿಯ ‘ಎಡ್ಜ್’ ಎಂಬ ಅಪರೂಪದ ಜೀವಿಗಳ ಸಂರಕ್ಷಣಾ ಯೋಜನೆಯ ಫೆಲೋ, ಮೀನು ಹಿಡಿಯುವವರನ್ನೂ ಹೊಳೆಬದಿಯ ಮನೆಯವರನ್ನೂ ಮಾತಾಡಿಸುತ್ತ ಹೋಗಿ ಇಲ್ಲಿ ಈ ಆಮೆ ಮೊಟ್ಟೆ ಇಡುವುದನ್ನು ದಾಖಲಿಸಿದರು. ಅದು 2024ರಲ್ಲಿ ‘ಓರಿಕ್ಸ್’ ಎಂಬ ಸಂರಕ್ಷಣಾ ವಿಜ್ಞಾನದ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಸರಗೋಡು ತನಗೇ ಒಂದು ಜಿಲ್ಲಾ ಮರ, ಹೂ, ಹಕ್ಕಿ, ಜೀವಿ ಬೇಕೆಂದು ಘೋಷಿಸಿದಾಗ ಕಾಸರಕನ ಮರ, ಬಿಳಿಹೊಟ್ಟೆಯ ಕಡಲಹದ್ದುಗಳ ಜೊತೆ ಜೀವಿಯ ಜಾಗ ಈ ಆಮೆಗೆ ಸಿಕ್ಕಿತು. ನನಗೆ ಇದು ದೊಡ್ಡ ಹೆಮ್ಮೆ.

ಆಮೆಯ ವಿಷಯದಲ್ಲಿ ತೀರ್ಮಾನ ಇರುವುದು ಗಾಳ ಹಾಕಿ ಕೂತವರ ಕೈಯಲ್ಲಿ. ಅವರಿಗೆ ಆಮೆ ಬೇಕಾಗಿರುವುದಿಲ್ಲ, ಗಾಳಕ್ಕೆ ಸಿಕ್ಕಿಬೀಳುತ್ತದೆ. ಕೇಸಾದೀತು ಎಂಬ ಹೆದರಿಕೆಯಲ್ಲಿ ದಾರ ಜಗ್ಗಿ ಕಿತ್ತು ಬಿಟ್ಟುಬಿಟ್ಟರೆ ಗಂಟಲು ಹರಿಯುತ್ತದೆ. ಎಳೆಯಬೇಡಿ, ನೆರಳಿನಲ್ಲಿಟ್ಟು ಒದ್ದೆ ಗೋಣಿ ಹೊದಿಸಿ, ಫೋನು ಮಾಡಿ, ನಿಮ್ಮ ಮೇಲೆ ತಪ್ಪು ಬರುವುದಿಲ್ಲ ಎಂದು ಅರಣ್ಯ ಇಲಾಖೆಯವರ ಬಾಯಿಂದಲೇ ಹೇಳಿಸುವುದು ನಮ್ಮ ಕಾರ್ಯಕ್ರಮದ ತಿರುಳು. ನಾನು ಹೇಳಿದರೆ ಆಗದು, ಯೂನಿಫಾರ್ಮಿನವರೇ ಹೇಳಬೇಕು.

ಆನೆಯ ಕಥೆ ಬೇರೆ. ಕಾರಡ್ಕ, ದೇಲಂಪಾಡಿ, ಅಡೂರು ಕಡೆ ಒಂದೇ ರಾತ್ರಿಯಲ್ಲಿ ಬಾಳೆಯೂ ಅಡಿಕೆ ಮರವೂ ಮಲಗಿದ ಮನೆಗೆ ಆನೆಯ ಚಿತ್ರದ ಪೋಸ್ಟರ್ ಒಯ್ಯಬೇಡಿ ಎಂದು ತಂಡಕ್ಕೆ ಹೇಳಿದ್ದೇನೆ. ಪರಿಹಾರದ ಅರ್ಜಿಗೆ ಏನೇನು ಕಾಗದ ಬೇಕು, ಯಾವ ಫೋಟೋ ತೆಗೆದಿಡಬೇಕು ಎಂದು ಕೂತು ಬರೆದುಕೊಡಿ, ಸರಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದವರೆಗೆ ಜೊತೆಗೆ ಹೋಗಿ ಎಂದಿದ್ದೇನೆ. ಎಂಡೋಸಲ್ಫಾನ್ ಕೀಟನಾಶಕ ಸಿಂಪಡಣೆಯ ಕಾಲದಲ್ಲಿ ಜೇನು ಸತ್ತದ್ದನ್ನೂ ಕರುಗಳು ವಿಕಾರವಾಗಿ ಹುಟ್ಟಿದ್ದನ್ನೂ ಮೊದಲು ಗಮನಿಸಿ ಹೇಳಿದ್ದು ಎಣ್ಮಕಜೆಯಂಥ ಊರುಗಳ ಸಾಮಾನ್ಯ ಜನ. ಈ ಜಿಲ್ಲೆಯವರಿಗೆ ಪರಿಸರದ ಪಾಠ ಹೇಳಲು ಹೊರಡುವ ಯಾರೂ ಅದನ್ನು ಮರೆಯಬಾರದು.

ವಾರ್ಷಿಕ ವರದಿಯಲ್ಲಿ ಎಷ್ಟು ಶಾಲೆ, ಎಷ್ಟು ಮಂದಿ ಎಂಬ ಕಾಲಂ ಇದ್ದೇ ಇರುತ್ತದೆ, ತುಂಬುತ್ತೇವೆ. ಅದರ ಪಕ್ಕದಲ್ಲಿ ನಾನು ಇನ್ನೊಂದು ಕಾಲಂ ಹಾಕಿಸಿದ್ದೇನೆ: ಕಾರ್ಯಕ್ರಮ ನಡೆದ ವಾರ್ಡಿನಿಂದ ಆಮೇಲೆ ಬಂದ ಕರೆಗಳು, ಕರೆ ಮಾಡಿದವರು ಯಾರು, ಆಗ ಪ್ರಾಣಿ ಜೀವಂತವಿತ್ತೇ. ನನ್ನ ಮಟ್ಟಿಗೆ ಅದೇ ನಿಜವಾದ ಹಾಜರಿ ಪುಸ್ತಕ. ಕಾರ್ಯಕ್ರಮದ ದಿನಾಂಕವನ್ನೂ ಊರಿನ ಕೆಲಸದ ಕಾಲ ನೋಡಿಯೇ ಇಡುತ್ತೇವೆ. ಮಳೆಗೆ ಮೊದಲು ಸೌದೆ ಕೂಡಿಡುವ ಹೊತ್ತಿನಲ್ಲಿ ಹಾವಿನ ಸಭೆ, ಹೊಳೆಯ ನೀರು ಇಳಿದು ಮರಳು ಕಾಣುವಾಗ ಆಮೆಯ ಸಭೆ.

ಈ ವರ್ಷ ಒಂದು ಹೊಸ ಕೆಲಸ ಎದುರಿಗಿದೆ. ತೋಟಗಳಲ್ಲಿ, ಕೆಂಪುಕಲ್ಲಿನ ಕೋರೆಗಳಲ್ಲಿ ಈಗ ದುಡಿಯುವವರು ಹೆಚ್ಚಾಗಿ ಬಂಗಾಳ, ಅಸ್ಸಾಂ, ಒಡಿಶಾದಿಂದ ಬಂದವರು. ಕಲ್ಲಿನ ಸಂದಿಯಲ್ಲಿ ಹಾವು ಕಂಡಾಗ ಪಿಕ್ಕಾಸು ಹಿಡಿದು ನಿಂತವರು ಅವರು. ಅವರಿಗೆ ನಮ್ಮ ನಾಗಬನವೂ ಗೊತ್ತಿಲ್ಲ, ಕುಟುಂಬಶ್ರೀಯ ಸಭೆಗೂ ಬರುವುದಿಲ್ಲ. ಭಾನುವಾರ ಸಂಜೆ ಅವರು ರೇಶನ್ನಿಗೆ ಸೇರುವ ಅಂಗಡಿಯ ಮುಂದೆ ನಿಂತು ಮಾತಾಡಲು ಬಂಗಾಳಿ ಬಲ್ಲ ಒಬ್ಬ ಕಾರ್ಮಿಕ ಯುವಕ ಒಪ್ಪಿದ್ದಾನೆ. ಅವನ ಆ ದಿನದ ಕೂಲಿಯನ್ನು ನಮ್ಮ ಬಜೆಟ್ಟಿನಲ್ಲಿ ಸೇರಿಸಲು ಬರೆದು ಕಳಿಸಿದ್ದೇನೆ.