ಮೆತ್ತಗಿದ್ದ ಬ್ರೇಕ್ ಪೆಡಲ್: ನಾಲ್ಕು ಭಾನುವಾರಗಳ ದಾಖಲೆ

ಬ್ರೇಕ್ ಪೈಪುಗಳ ಜೋಡಣೆ ಮುಗಿಯಿತೆಂದೂ, ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ, ಅಂದರೆ ಏರ್, ತೆಗೆದು ಗಾಡಿಯನ್ನು ಅಂಗಳದಲ್ಲಿ ಓಡಿಸುವುದಷ್ಟೇ ಬಾಕಿಯೆಂದೂ ಕಳೆದ ದಾಖಲೆಯಲ್ಲಿ ಬರೆದಿದ್ದೆ. ಆ ಮೊದಲ ಓಟ ಒಂದು ತಿಂಗಳು ಮುಂದಕ್ಕೆ ಹೋಯಿತು. ಪೆಡಲ್ ಒತ್ತಿದರೆ ಕಾಲಿನ ಕೆಳಗೆ ಹತ್ತಿಯ ದಿಂಬು ಇಟ್ಟಂತಿತ್ತು. ಅಂಥ ಬ್ರೇಕನ್ನು ನಂಬಿ ಎಂಜಿನ್ ಸ್ಟಾರ್ಟ್ ಮಾಡಲು ಮನಸ್ಸು ಒಪ್ಪಲಿಲ್ಲ.

ಹೊಸದಾಗಿ ಓದುವವರಿಗಾಗಿ ಗಾಡಿಯ ವಿವರವನ್ನು ಮತ್ತೊಮ್ಮೆ ಹೇಳಿಬಿಡುತ್ತೇನೆ. ಇದು ಲೋಟಸ್ ಸೆವೆನ್ ಮಾದರಿಯ, ಮೇಲ್ಛಾವಣಿಯಿಲ್ಲದ ಎರಡು ಸೀಟಿನ ಕಾರು. ಚೌಕ ಪೈಪಿನ ಚಾಸಿಯನ್ನು ನಾನೇ ವೆಲ್ಡ್ ಮಾಡಿದ್ದು. 796 ಸಿಸಿ ಎಂಜಿನ್, ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಒಂದು ಹಳೆಯ ಮಾರುತಿ ಓಮ್ನಿಯವು. ಮುಂದಿನ ನಕಲ್ (ಚಕ್ರವನ್ನು ಹೊತ್ತು ಸ್ಟಿಯರಿಂಗಿನೊಡನೆ ತಿರುಗುವ ಭಾಗ) ಮತ್ತು ಡಿಸ್ಕನ್ನು ಪ್ಯಾಡ್‌ಗಳಿಂದ ಅದುಮುವ ಕ್ಯಾಲಿಪರ್‌ಗಳು ಮಾರುತಿ 800ರವು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಒಳಗಿನ ಶೂಗಳು ಅಗಲಿ ಒತ್ತುವ ಡ್ರಮ್ ಬ್ರೇಕ್. ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಇಲ್ಲ. ಪೆಡಲಿನ ಸನ್ನೆಬಲ ಒಂದಕ್ಕೆ ಐದು. ಮುಂದಿನ ಚಕ್ರಗಳಿಗೆ 17.8 ಮಿಲಿಮೀಟರ್ ವ್ಯಾಸದ ಒಂದು ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವುದು), ಹಿಂದಿನವಕ್ಕೆ 15.9 ಮಿಲಿಮೀಟರಿನ ಇನ್ನೊಂದು. ಇವೆರಡರ ನಡುವೆ ಕಾಲಿನ ಬಲವನ್ನು ಹಂಚುವ ಬ್ಯಾಲೆನ್ಸ್ ಬಾರ್ ಇದೆ. ಗಾಡಿ ರಸ್ತೆಗೆ ನೋಂದಣಿಯಾಗಿಲ್ಲ. ದಾವಣಗೆರೆ ಸಮೀಪದ ನಮ್ಮ ಅಕ್ಕಿ ಗಿರಣಿಯ ಕಾಂಕ್ರೀಟ್ ಕಣದೊಳಗೆ ಮಾತ್ರ ಓಡುತ್ತದೆ.

ಪೆಡಲ್ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿಯಿದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹಾಗೆಯೇ ಅಂದುಕೊಂಡೆ. ಮೊದಲ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನಾಲ್ಕು ಚಕ್ರಗಳಲ್ಲೂ ನಾಲ್ಕು ಸುತ್ತು ಏರ್ ತೆಗೆದೆ. ಅಣ್ಣನ ಮಗ ಪೆಡಲ್ ಒತ್ತಿ ಹಿಡಿಯುವುದು, ನಾನು ಚಕ್ರದ ಬಳಿ ಗಾಳಿ ಹೊರಬಿಡುವ ತಿರುಪು, ಅಂದರೆ ನಿಪ್ಪಲ್, ಸಡಿಲಿಸಿ ಮತ್ತೆ ಬಿಗಿಯುವುದು. ಅರ್ಧ ಲೀಟರಿನ ಎರಡು ಬಾಟಲಿ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಖಾಲಿಯಾಯಿತು. ಮೂರನೆಯ ಸುತ್ತಿನ ನಂತರ ಪ್ಲಾಸ್ಟಿಕ್ ಕೊಳವೆಯಲ್ಲಿ ಒಂದು ಗುಳ್ಳೆಯೂ ಕಾಣಲಿಲ್ಲ. ಪೆಡಲ್ ಮಾತ್ರ ಹಾಗೆಯೇ ಇತ್ತು. ಹೀಗೆ ಹೊರಬಂದ ಆಯಿಲನ್ನು ಮತ್ತೆ ಡಬ್ಬಿಗೆ ಸುರಿಯಬಾರದು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನದಂಡವಿದ್ದರೆ, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಚಾಸಿಯ ಮೇಲೆ ಚೆಲ್ಲಿದ ಕಡೆ ಬಣ್ಣವೂ ಎದ್ದು ಬಂದಿದೆ. ಬಿದ್ದ ಕೂಡಲೇ ನೀರಿನಿಂದ ತೊಳೆಯಬೇಕಿತ್ತು.

ಎರಡನೆಯ ಭಾನುವಾರ ಸ್ಪ್ಯಾನರ್ ಕೆಳಗಿಟ್ಟು ಅಳತೆಗೆ ಕುಳಿತೆ. ಪೆಡಲಿನ ಮೇಲೆ ಚಿಕ್ಕ ತೂಕದ ಯಂತ್ರವೊಂದನ್ನು ಮರದ ತುಂಡಿನ ಆಸರೆಯಿಂದ ಕಟ್ಟಿ, 30 ಕಿಲೋ ಬಲ ಬೀಳುವವರೆಗೆ ಒತ್ತಿಸಿ, ಪೆಡಲ್ ಎಷ್ಟು ಚಲಿಸಿತೆಂದು ಅಳೆದೆ. 95 ಮಿಲಿಮೀಟರ್ ಬಂತು. ಅದೇ ಬಲವನ್ನು ಎರಡು ನಿಮಿಷ ಹಿಡಿದಿಟ್ಟರೂ ಪೆಡಲ್ ಇನ್ನಷ್ಟು ಕೆಳಗಿಳಿಯಲಿಲ್ಲ. ಎಂದರೆ ಎಲ್ಲೂ ಹೇಳುವಂಥ ಸೋರಿಕೆಯಿಲ್ಲ, ಮಾಸ್ಟರ್ ಸಿಲಿಂಡರಿನ ವಾಷರುಗಳೂ ಆಯಿಲನ್ನು ಹಿಂದಕ್ಕೆ ಬಿಟ್ಟುಕೊಡುತ್ತಿಲ್ಲ. ಬೇಗ ಬೇಗ ಮೂರು ಸಲ ತುಳಿದರೆ ಪೆಡಲ್ ಸುಮಾರು 70 ಮಿಲಿಮೀಟರಿಗೆ ಏರುತ್ತಿತ್ತು, ಆದರೆ ಅಲ್ಲಿಯೂ ಸ್ಪ್ರಿಂಗಿನಂತೆಯೇ ಇತ್ತು. ತುಳಿದಂತೆ ಪೆಡಲ್ ಮೇಲೇರುವುದು ಶೂ ಅಥವಾ ಪ್ಯಾಡ್ ದೂರವಿದ್ದಾಗಲೂ ಆಗುತ್ತದೆ, ಗಾಳಿಯಿದ್ದಾಗಲೂ ಆಗುತ್ತದೆ. ಏರಿದ ಮೇಲೂ ಮೆತ್ತಗೇ ಉಳಿದರೆ ದೋಷ ಒಂದೇ ಅಲ್ಲ ಎಂದು ಶಂಕಿಸಬೇಕು. ಆದ್ದರಿಂದ ಇಡೀ ವ್ಯವಸ್ಥೆಯನ್ನು ತುಂಡು ತುಂಡಾಗಿ ಬೇರ್ಪಡಿಸಿ ಪರೀಕ್ಷಿಸುವುದೆಂದು ನಿರ್ಧರಿಸಿದೆ. ಈ ದಾಖಲೆಯಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದೂ ಇದೇ: ಐದನೆಯ ಸುತ್ತು ಏರ್ ತೆಗೆಯುವ ಮೊದಲು ಮಾಸ್ಟರ್ ಸಿಲಿಂಡರಿನ ಬಾಯಿಗೆ ಬಿರಡೆ ಹಾಕಿ ನೋಡಬೇಕು.

ಎರಡೂ ಮಾಸ್ಟರ್ ಸಿಲಿಂಡರ್‌ಗಳಿಂದ ಪೈಪು ಬಿಚ್ಚಿ, ಒಳಗಿನ ಗಾಳಿ ಪೂರ್ತಿ ಹೋಗುವಂತೆ ಮಾಡಿ, ಅದೇ ತಿರುಪಿನ ಬೋಲ್ಟ್ ಬಿರಡೆಗಳನ್ನು ತಾಮ್ರದ ವಾಷರ್ ಸಮೇತ ಬಿಗಿದೆ. ಆಯಿಲ್ ಹೋಗಲು ದಾರಿಯೇ ಇಲ್ಲದಿರುವಾಗ ಪೆಡಲ್ ಕಲ್ಲಿನಂತೆ ನಿಲ್ಲಬೇಕು. ಅದು 14 ಮಿಲಿಮೀಟರ್ ಚಲಿಸಿತು. ಹುಡುಗ ಬಾನೆಟ್ಟಿನ ಕಡೆಯಿಂದ ಬಗ್ಗಿ ನೋಡುತ್ತಿದ್ದವನು, “ಚಿಕ್ಕಪ್ಪ, ಸಿಲಿಂಡರ್ ಕೂತಿರೋ ತಗಡೇ ಮುಂದಕ್ಕೆ ಬರ್ತಿದೆ” ಎಂದ. ಡಯಲ್ ಗೇಜ್ ಇಟ್ಟು ನೋಡಿದಾಗ ಎಂಜಿನ್ನಿಗೂ ಕಾಲಿಗೂ ನಡುವಿನ ಫೈರ್‌ವಾಲ್ 2.4 ಮಿಲಿಮೀಟರ್ ಬಾಗುತ್ತಿತ್ತು. ಪೆಡಲಿನ ಸನ್ನೆಯಲ್ಲಿ ಅದು ಐದು ಪಟ್ಟು, ಅಂದರೆ 12 ಮಿಲಿಮೀಟರ್. ಉಳಿದ ಎರಡು ಮಿಲಿಮೀಟರ್ ಪಿನ್ನುಗಳ ಸಡಿಲ.

ಕಾರಣ ಸ್ಪಷ್ಟವಾಗಿತ್ತು. ಪೆಡಲಿನ ಕೀಲನ್ನು ಚಾಸಿಯ ಪೈಪಿಗೆ ಕಟ್ಟಿದ್ದೆ, ಸಿಲಿಂಡರ್‌ಗಳನ್ನು ಮಾತ್ರ 1.2 ಮಿಲಿಮೀಟರ್ ತಗಡಿಗೆ ಬೋಲ್ಟ್ ಮಾಡಿದ್ದೆ. ಕಾಲು 30 ಕಿಲೋ ಒತ್ತಿದರೆ ಸಿಲಿಂಡರ್‌ಗಳನ್ನು ತಳ್ಳುವ ಬಲ 150 ಕಿಲೋ ಆಗುತ್ತದೆ. ಗಾಬರಿಯಲ್ಲಿ ತುಳಿದಾಗ ಅದರ ಎರಡು ಪಟ್ಟೂ ಆಗಬಹುದು. ಕಾರ್ಖಾನೆಯ ಗಾಡಿಗಳಲ್ಲಿ ಫೈರ್‌ವಾಲ್‌ಗೆ ಏಣುಗಳನ್ನೊತ್ತಿ, ಅಕ್ಕಪಕ್ಕದ ತಗಡುಗಳೊಡನೆ ಬೆಸೆದಿರುತ್ತಾರೆ. ನನ್ನದು ಬರೀ ಚಪ್ಪಟೆ ಹಾಳೆ. ಸಿಲಿಂಡರ್‌ಗಳ ಹಿಂದೆ 3 ಮಿಲಿಮೀಟರ್ ಪ್ಲೇಟ್ ಕೊಟ್ಟು, ಅಲ್ಲಿಂದ ಕೆಳಗಿನ ಚಾಸಿ ಪೈಪುಗಳಿಗೆ 25 ಮಿಲಿಮೀಟರ್ ಚೌಕ ಪೈಪಿನ ಎರಡು ಓರೆ ಕಾಲುಗಳನ್ನು ವೆಲ್ಡ್ ಮಾಡಿದೆ. ಈಗ ಬಾಗುವುದು 0.3 ಮಿಲಿಮೀಟರ್. ಪೈಪುಗಳನ್ನು ಮರಳಿ ಜೋಡಿಸಿ ಏರ್ ತೆಗೆದಾಗ 95 ಇದ್ದದ್ದು 84ಕ್ಕೆ ಬಂತು.

ಮೂರನೆಯ ಭಾನುವಾರದ ಮೊದಲ ಕೆಲಸ ಹಿಂದಿನ ಡ್ರಮ್‌ಗಳದ್ದು. ಮುಂದಿನ ಸಿಲಿಂಡರಿಗೆ ಬಿರಡೆ ಹಾಕಿ ಹಿಂದಿನದನ್ನಷ್ಟೇ ಒತ್ತಿದಾಗ ಪೆಡಲ್ ಬಹಳ ದೂರ ಹೋಗಿ, ಆಮೇಲೆ ತಟ್ಟನೆ ಗಟ್ಟಿಯಾಗುತ್ತಿತ್ತು. ಇದು ಗಾಳಿಯ ಲಕ್ಷಣವಲ್ಲ, ಅಂತರದ ಲಕ್ಷಣ. ಹೊಸ ಶೂ ಹಾಕುವಾಗ ಡ್ರಮ್ ಸುಲಭವಾಗಿ ಕೂರಲೆಂದು ಶೂಗಳ ಅಂತರ ಹೊಂದಿಸುವ ಅಡ್ಜಸ್ಟರ್‌ಗಳನ್ನು ಪೂರ್ತಿ ಒಳಕ್ಕೆ ತಳ್ಳಿ ಹಾಗೆಯೇ ಬಿಟ್ಟಿದ್ದೆ. ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲಿಸಿ, ಲೈನರ್ ಡ್ರಮ್ಮಿಗೆ ಸವರಿ ಸವರದಂತಿರುವವರೆಗೆ ಅಡ್ಜಸ್ಟ್ ಮಾಡಿದ ಮೇಲೆ ಅಳತೆ 62 ಆಯಿತು.

ಆದರೂ ಮೆತ್ತನೆಯ ಗುಣ ಹೋಗಿರಲಿಲ್ಲ. ಉಳಿದದ್ದು ಮುಂದಿನ ಭಾಗ, ಅಲ್ಲಿ ಗಾಳಿ ಇದ್ದೇ ಇತ್ತು. ಸ್ಟಿಯರಿಂಗ್ ಆರ್ಮ್‌ಗಳು ಆಕ್ಸಲಿನ ಇನ್ನೊಂದು ಬದಿಗೆ ಬರಲೆಂದು ನಾನು ನಕಲ್‌ಗಳನ್ನು ಎಡಬಲ ಅದಲುಬದಲು ಮಾಡಿದ್ದೆ, ಆದರೆ ಕ್ಯಾಲಿಪರ್‌ಗಳನ್ನು ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಎಂದೇ ಕೂರಿಸಿದ್ದೆ. ಬೋಲ್ಟಿನ ರಂಧ್ರಗಳು ಎರಡೂ ರೀತಿಯಲ್ಲಿ ಹೊಂದುತ್ತವೆ. ಆದರೆ ನಿಪ್ಪಲ್ ಕೆಳಕ್ಕೆ ಬರುತ್ತದೆ, ಹೋಸ್ ಅದರ ಮೇಲೆ. ಗಾಳಿ ಮೇಲಿನ ಮೂಲೆಯಲ್ಲಿ ಕುಳಿತಿರುತ್ತದೆ, ಆಯಿಲ್ ಅದರ ಕೆಳಗಿನಿಂದ ಹಾಯ್ದು ನಿಪ್ಪಲಿನಿಂದ ಹೊರಬರುತ್ತದೆ. ಕೊಳವೆಯಲ್ಲಿ ಒಂದೂ ಗುಳ್ಳೆ ಕಾಣದಿದ್ದುದಕ್ಕೆ ಇದೇ ಕಾರಣ.

ಎಷ್ಟು ಗಾಳಿಯಿದ್ದರೆ ಎಷ್ಟು ಕೆಡುಕು ಎಂಬುದನ್ನು ಲೆಕ್ಕ ಹಾಕಿ ನೋಡಿದೆ. 17.8 ಮಿಲಿಮೀಟರ್ ಸಿಲಿಂಡರಿನ ವಿಸ್ತೀರ್ಣ ಸುಮಾರು 248 ಚದರ ಮಿಲಿಮೀಟರ್. ಕಾಲಿನ 30 ಕಿಲೋ ಬಲದ ಅರ್ಧ ಪಾಲು ಅಲ್ಲಿಗೆ 75 ಕಿಲೋ ಆಗಿ ತಲುಪಿ, ಸುಮಾರು 30 ಬಾರ್ ಒತ್ತಡ ಹುಟ್ಟಿಸುತ್ತದೆ. ಆ ಒತ್ತಡದಲ್ಲಿ ಒಂದು ಮಿಲಿಲೀಟರ್ ಗಾಳಿ ಮೂವತ್ತರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಆ ಜಾಗ ತುಂಬಲು ಪಿಸ್ಟನ್ ನಾಲ್ಕು ಮಿಲಿಮೀಟರ್ ಹೆಚ್ಚು ಚಲಿಸಬೇಕು. ಬ್ಯಾಲೆನ್ಸ್ ಬಾರಿನ ನಡುಭಾಗದಲ್ಲಿ ಅದು ಎರಡು ಮಿಲಿಮೀಟರ್, ಪೆಡಲಿನಲ್ಲಿ ಹತ್ತು. ಚಹಾ ಚಮಚದ ಐದನೆಯ ಒಂದು ಭಾಗದಷ್ಟು ಗಾಳಿ ಕಾಲಿಗೆ ಇಷ್ಟು ದೊಡ್ಡದಾಗಿ ತಿಳಿಯುತ್ತದೆ.

ಕ್ಯಾಲಿಪರ್‌ಗಳನ್ನು ಎಡಬಲ ಬದಲಿಸಿ, ಹೊಸ ತಾಮ್ರದ ವಾಷರ್ ಹಾಕಿ, ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಹೋಸ್ ಎಳೆಯುತ್ತಿಲ್ಲ, ಟೈರಿಗೆ ತಾಗುತ್ತಿಲ್ಲ ಎಂದು ಖಚಿತಪಡಿಸಿಕೊಂಡೆ. ಈ ಸಲ ಏರ್ ತೆಗೆಯುವ ಕ್ರಮವನ್ನೂ ತಿದ್ದಿದೆ: ಮುಂದಿನ ಒಂದು, ಹಿಂದಿನ ಒಂದು ನಿಪ್ಪಲನ್ನು ಒಟ್ಟಿಗೆ ತೆರೆಯುವುದು. ಒಂದನ್ನೇ ತೆರೆದರೆ ಬ್ಯಾಲೆನ್ಸ್ ಬಾರ್ ಓರೆಯಾಗಿ ಸಿಕ್ಕಿಕೊಂಡು, ಆ ಕಡೆಯ ಪಿಸ್ಟನ್ ಪೂರ್ತಿ ದೂರ ಹೋಗುವುದಿಲ್ಲ. ಗುಳ್ಳೆ ಪೈಪಿನಲ್ಲೇ ಹಿಂದೆ ಮುಂದೆ ಓಲಾಡುತ್ತದೆ. ಬಲಗಡೆಯ ಕ್ಯಾಲಿಪರಿನಿಂದ ಮೊದಲ ಒತ್ತಿಗೇ ದೊಡ್ಡ ಗುಳ್ಳೆಯೊಂದು ಬಂದಾಗ ಇಬ್ಬರಿಗೂ ಆದ ಸಂತೋಷವನ್ನು ಇಲ್ಲಿ ದಾಖಲಿಸಲೇಬೇಕು. ಅಳತೆ 44 ಮಿಲಿಮೀಟರ್. ಪೆಡಲ್ ಗಟ್ಟಿಯಾಗಿ ನಿಂತಿತು.

ಪೆಡಲಿಗೆ ಮರದ ಕೋಲಿನ ಊರೆ ಕೊಟ್ಟು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಪ್ರತಿ ಫ್ಲೇರ್ (ಪೈಪಿನ ಅಗಲಿಸಿದ ತುದಿ) ಜೋಡಣೆಗೂ ಬಿಳಿ ಕಾಗದ ಒತ್ತಿ ನೋಡಿದೆ. ಎಡ ಹಿಂದಿನ ಜೋಡಣೆಯಲ್ಲಿ ಮಾತ್ರ ಸ್ವಲ್ಪ ಪಸೆಯಿತ್ತು. ಫ್ಲೇರ್ ಒಂದು ಬದಿಗೆ ವಾಲಿತ್ತು. ಅದನ್ನು ಕತ್ತರಿಸಿ ಹೊಸದಾಗಿ ಮಾಡಿದೆ.

ನಾಲ್ಕನೆಯ ಭಾನುವಾರ ಕಣದಲ್ಲಿ ಗಾಡಿ ತನ್ನ ಸ್ವಂತ ಶಕ್ತಿಯಿಂದ ಓಡಿತು. ಗಂಟೆಗೆ 10, 20, ಕೊನೆಗೆ 30 ಕಿಲೋಮೀಟರ್ ವೇಗದಿಂದ ಇಪ್ಪತ್ತು ಸಲ ನಿಲ್ಲಿಸಿದ ಮೇಲೂ ಅಳತೆ 44ರಲ್ಲೇ ಇತ್ತು. ಜೋರಾಗಿ ತುಳಿದಾಗ ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲು ಲಾಕ್ ಆಗುತ್ತಿವೆ; ಹಾಗಾದರೆ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರುತ್ತದೆ, ಆದ್ದರಿಂದ ವೇಗ ಹೆಚ್ಚಿಸುವುದನ್ನು ಅಲ್ಲಿಗೇ ನಿಲ್ಲಿಸಿದೆ. ಮುಂದಿನ ವಾರ ಬ್ಯಾಲೆನ್ಸ್ ಬಾರನ್ನು ಮುಂದಿನ ಸಿಲಿಂಡರಿನ ಕಡೆಗೆ ಅರ್ಧ ಸುತ್ತಿನಂತೆ ಸರಿಸುತ್ತಾ ಮತ್ತೆ ಪರೀಕ್ಷಿಸುತ್ತೇನೆ. ಹಳೆಯ ಗಾಡಿಯಿಂದ ಬಂದ ರಬ್ಬರ್ ಹೋಸ್‌ಗಳನ್ನೂ ಆಗಲೇ ಬದಲಿಸುವುದಿದೆ. ಹೊಸದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿ ಇಟ್ಟುಕೊಂಡಿದ್ದೇನೆ.